ಮೂರನೇ ನಂಬರಿನ ಬೇವು ಬೆಲ್ಲ

ತುಳಸಮ್ಮನವರನ್ನು ಗವಿಪುರದ ಕಡೆ ಈಗಲೂ ರಾಕೆಟ್ ತುಳಸಮ್ಮ ಎಂದೇ ಕರೆಯುತ್ತಾರೆ. ನನಗೆ ಆ ಹೆಸರು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಹೂವಿನವಳು ಅನ್ನುತ್ತಾಳೆ, ತರಕಾರಿಯವನು ಅನ್ನುತ್ತಾನೆ, ಅವರು ಮಾತ್ರ ನಕ್ಕು ಸುಮ್ಮನಾಗುತ್ತಾರೆ. ಪುಣ್ಯಾತಗಿತ್ತಿ ರಾಕೆಟ್ಟನ್ನು ಟಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಬಾಹ್ಯಾಕಾಶಕ್ಕೆ ಹೋಗುವವರ ಮೈಮನಸ್ಸು ಹೇಗೆ ತಾಳುತ್ತದೆ ಎಂದು ನೆಲದ ಮೇಲೆಯೇ ಪರೀಕ್ಷೆ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಏಳು ವರ್ಷ ಅಡುಗೆ ಮಾಡಿದರು, ಅಷ್ಟೆ. ನಾನು ವರದರಾಜ, ಚಾಮರಾಜಪೇಟೆಯವನು, ಅದೇ ಸಂಸ್ಥೆಯ ಆಫೀಸಿನಲ್ಲಿ ಫೈಲು, ಹಾಜರಿ, ಸಹಿ ಮಾಡಿಸುವ ಕೆಲಸ ನೋಡಿಕೊಳ್ಳುವವನು. ನನಗೆ ಕೋಪ ಮೂಗಿನ ತುದಿಯಲ್ಲಿ ಎಂಬುದನ್ನು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ಆ ಕೋಪಕ್ಕೂ ಈ ಕತೆಯಲ್ಲಿ ಪಾಲಿದೆ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಸಂಸ್ಥೆ ಅಂದರೆ ದೊಡ್ಡ ಗೇಟು, ಗಾಜಿನ ಕಟ್ಟಡ ಅಂದುಕೊಳ್ಳಬೇಡಿ. ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ, ಆಡುವವರಿಲ್ಲದೆ ಮುಚ್ಚಿದ್ದ ಹಳೆಯ ಷಟಲ್ ಹಾಲು. ಅದರ ಒಳಗೆ ಕಿಟಕಿಯಿಲ್ಲದ ಇನ್ನೊಂದು ಮನೆ ಕಟ್ಟಿದ್ದರು, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟ ಹಾಗೆ. ನಾಲ್ಕು ಜನರನ್ನು ಅದರೊಳಗೆ ಬಿಟ್ಟು ನಲವತ್ತೈದು ದಿನ ಬಾಗಿಲು ಹಾಕುವುದು. ಬಿಸಿಲಿಲ್ಲ, ಫೋನಿಲ್ಲ, ಮನೆಯ ಸುದ್ದಿಯಿಲ್ಲ, ಅದೇ ನಾಲ್ಕು ಮುಖ. ಎದೆಗೆ ಒಂದು ಪಟ್ಟಿ, ಕೈಗೆ ಒಂದು ಪಟ್ಟಿ. ಎದೆ ಹೇಗೆ ಬಡಿಯುತ್ತದೆ, ನಿದ್ದೆ ಎಷ್ಟು, ಮರೆವು ಎಷ್ಟು, ಸಿಡುಕು ಎಷ್ಟು, ಎಲ್ಲ ಹೊರಗೆ ಬರೆದುಕೊಳ್ಳುತ್ತಿದ್ದರು. ಮುಖ್ಯಸ್ಥರು ಡಾಕ್ಟರ್ ಮೈತ್ರೇಯಿ. ಮೆಲ್ಲಗೆ ಮಾತಾಡುವವರು, ಆದರೆ ಹೇಳಿದ್ದು ಹೇಳಿದ್ದೇ.

ತುಳಸಮ್ಮ ಅದಕ್ಕೆ ಮುಂಚೆ ಇಪ್ಪತ್ತೆಂಟು ವರ್ಷ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡಿದ್ದವರು. ನೂರಿಪ್ಪತ್ತು ಹುಡುಗರಿಗೆ ಎರಡು ಹೊತ್ತು ಸಾರು ಅನ್ನ. ಗಂಡ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ಬೇಗ ಹೋಗಿಬಿಟ್ಟರು. ಮಕ್ಕಳಿಲ್ಲ. ಹಾಸ್ಟೆಲ್ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಕೆಲಸಕ್ಕೆ ಸೇರುವ ದಿನ ಮೈತ್ರೇಯಿ ಮೇಡಂ ಅವರಿಗೆ ನೂರೈವತ್ತು ಗ್ರಾಂ ಅಕ್ಕಿ ಕೈಯಳತೆಯಲ್ಲೇ ತೆಗೆಯಲು ಹೇಳಿದರು. ತೆಗೆದರು. ತೂಕದ ಮೇಲಿಟ್ಟರೆ ನೂರೈವತ್ತೆರಡು. ನಾನು ಬೆರಗಾದೆ. ಎರಡು ಗ್ರಾಂ ಯಾಕೆ ಹೆಚ್ಚು ಎಂದು ಮೇಡಂ ಕೇಳಿದರು. "ತಿನ್ನೋರು ಹುಡುಗರಲ್ವೇ, ಅದು ಅವರಿಗೆ" ಅಂದರು ತುಳಸಮ್ಮ. ಆ ಎರಡು ಗ್ರಾಂ ಇಲ್ಲಿ ನಡೆಯುವುದಿಲ್ಲ ಎಂದು ಮೇಡಂ ನಕ್ಕುಕೊಂಡೇ ಹೇಳಿದರು.

ಅದನ್ನು ಕಲಿಯುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ಕಂಡಿದ್ದೇನೆ. ಜೀವಮಾನವೆಲ್ಲ ಇನ್ನೊಂಚೂರು ಹಾಕ್ಲಾ ಎಂದು ಕೇಳಿದ ಬಾಯಿ. ಇಲ್ಲಿ ಉಪ್ಪಿಗೂ ತೂಕ, ಒಗ್ಗರಣೆಯ ಎಣ್ಣೆಗೂ ತೂಕ, ತಟ್ಟೆಯಲ್ಲಿ ಉಳಿದದ್ದಕ್ಕೂ ತೂಕ. ಊಟ ಒಳಗೆ ಹೋಗಲು ಗೋಡೆಯಲ್ಲಿ ಒಂದು ಗೂಡಿತ್ತು, ಎರಡು ಬಾಗಿಲಿನದು. ಹೊರಗಿನ ಬಾಗಿಲು ಹಾಕಿದ ಮೇಲೆ ಒಳಗಿನದು ತೆರೆಯುತ್ತಿತ್ತು, ಹಾಗಾಗಿ ಯಾರ ಮುಖ ಯಾರಿಗೂ ಕಾಣದು. ಪಕ್ಕದಲ್ಲಿ ಒಂದು ಮೈಕು. ತುಳಸಮ್ಮ ಗುಂಡಿ ಒತ್ತಿ, ಒಂದನೇ ನಂಬರು, ಮುದ್ದೆ ಇಷ್ಟು ಗ್ರಾಂ, ಸೊಪ್ಪಿನ ಸಾರು ಇಷ್ಟು ಗ್ರಾಂ ಎಂದು ಓದಬೇಕು. ಒಳಗಿನವರು ಅದನ್ನೇ ತಿರುಗಿ ಹೇಳಬೇಕು. ಅದು ಬಿಟ್ಟು ಒಂದು ಮಾತು ಹೆಚ್ಚು ಆಡುವಂತಿಲ್ಲ. ಆರು ತಿಂಗಳಲ್ಲಿ ತುಳಸಮ್ಮ ನಮ್ಮ ವಿಜ್ಞಾನಿಗಳಿಗಿಂತ ಕಟ್ಟುನಿಟ್ಟಾದರು. ಅರ್ಧ ಗ್ರಾಂ ಕೊತ್ತಂಬರಿ ಸೊಪ್ಪು ಹೆಚ್ಚಾದರೂ ಇಕ್ಕಳದಲ್ಲಿ ಎತ್ತಿಹಾಕುತ್ತಿದ್ದರು.

ಆದರೂ ಹೆಂಗಸಿನ ಕಣ್ಣು ನೋಡಿ. ಒಳಗಿನವರ ಹೆಸರು ಅವರಿಗೆ ಹೇಳುತ್ತಿರಲಿಲ್ಲ, ನಂಬರು ಮಾತ್ರ. ತಟ್ಟೆ ನೋಡಿ ಮನುಷ್ಯರನ್ನು ತಿಳಿದುಕೊಳ್ಳುತ್ತಿದ್ದರು. ಒಂದಕ್ಕೆ ಹುರುಳಿಕಾಯಿ ಆಗದು, ಎರಡಕ್ಕೆ ಆತುರ, ನಾಲ್ಕು ಮಜ್ಜಿಗೆ ಪ್ರಿಯ. ನಾನು ಹೇಳುತ್ತಿರುವ ಆ ಸಲದ ತಂಡದಲ್ಲಿ ಮೂರನೇ ನಂಬರಿನ ತಟ್ಟೆ ತೊಳೆದ ಹಾಗೆ ಹೊರಗೆ ಬರುತ್ತಿತ್ತು. ಅವರಮ್ಮ ಚೆನ್ನಾಗಿ ಬೆಳೆಸಿದ್ದಾರೆ ಸಾರ್, ಎಂದು ತುಳಸಮ್ಮ ಎರಡನೇ ದಿನವೇ ನನಗೆ ತೀರ್ಪು ಕೊಟ್ಟಿದ್ದರು.

ಆ ಮೂರನೇ ನಂಬರು ಸ್ವರೂಪ್. ಮಾವಳ್ಳಿಯ ಹುಡುಗ, ಇಪ್ಪತ್ತೆಂಟು ವರ್ಷ, ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ತಂದೆ ಪುಟ್ಟಯ್ಯನವರದು ಕಾಟನ್‌ಪೇಟೆಯಲ್ಲಿ ಹಗ್ಗ, ಗೋಣಿಚೀಲದ ವ್ಯಾಪಾರ, ಎದೆಗೆ ಎರಡು ಸ್ಟೆಂಟ್ ಹಾಕಿಸಿಕೊಂಡವರು. ತಾಯಿ ಅಂಜಿನಮ್ಮ, ಗಟ್ಟಿಮುಟ್ಟು ಹೆಂಗಸು. ಹೆಂಡತಿ ಪೂಜಿತಾ ಐದು ತಿಂಗಳ ಬಸುರಿ. ಮನೆಯಲ್ಲಿ ಇಂಥ ಹೊತ್ತಿನಲ್ಲಿ ನೀನ್ಯಾಕಪ್ಪ ಬಂದೆ ಎಂದು ನಾನು ಕೇಳಿಯೇ ಕೇಳಿದೆ. ತಾನು ಮೇಲೆ ಹೋಗುವಂಥವನಲ್ಲ ಎಂದು ತನಗೆ ಗೊತ್ತು, ಆದರೆ ತನ್ನ ಎದೆಬಡಿತದ ಲೆಕ್ಕ ನೋಡಿ ಯಾರೋ ಒಬ್ಬರು ಕ್ಷೇಮವಾಗಿ ಹೋಗಿಬಂದರೆ ಅಷ್ಟೇ ಸಾಕು, ಹುಟ್ಟುವ ಮಗುವಿಗೆ ಹೇಳಿಕೊಳ್ಳಲು ಒಂದು ವಿಷಯವಾಗುತ್ತದೆ ಅಂದ. ಹೇಳುವಾಗ ನಾಚಿಕೊಂಡ. ನನಗೆ ಹುಡುಗ ಹಿಡಿಸಿದ.

ಒಳಗೆ ಹೋಗುವ ಮುಂಚೆ ಹನ್ನೊಂದು ಹಾಳೆಯ ಒಪ್ಪಿಗೆ ಪತ್ರ. ಅದಕ್ಕೆ ಸಹಿ ಮಾಡಿಸುವ ಕೆಲಸ ನನ್ನದು. ಒಂಬತ್ತನೇ ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು: ಪರೀಕ್ಷೆಯ ಅವಧಿಯಲ್ಲಿ ಕುಟುಂಬದಲ್ಲಿ ಸಾವು ಸಂಭವಿಸಿದರೆ ನಿಮಗೆ ತಿಳಿಸಬೇಕೇ? ಬೇಕು, ಬೇಡ ಎಂದು ಎರಡು ಚೌಕ. ಸ್ವರೂಪ್ ಅಲ್ಲಿಗೆ ಬಂದು ಪೆನ್ನು ಎತ್ತಿಕೊಂಡು ಕೂತುಬಿಟ್ಟ. ಗಂಟೆ ಎರಡಾಗುತ್ತಿತ್ತು. ನನಗೆ ಸಕ್ಕರೆ ಕಾಯಿಲೆ, ಹೊತ್ತು ಮೀರಿದರೆ ತಲೆ ಧಿಮ್ಮೆನ್ನುತ್ತದೆ, ಡಬ್ಬಿಯಲ್ಲಿ ಚಪಾತಿ ಆರುತ್ತಿತ್ತು.

"ಸಾರ್, ಇದಕ್ಕೇನು ಹಾಕ್ಲಿ?" ಎಂದು ಕೇಳಿದ.

"ಎಲ್ಲರೂ ಬೇಡ ಅಂತಾನೇ ಹಾಕೋದಪ್ಪ," ಅಂದೆ. "ನಲವತ್ತೈದು ದಿನದಲ್ಲಿ ಯಾರಿಗೇನಾಗುತ್ತೆ? ಬೇಗ ಹಾಕು, ನನಗೂ ಹೊಟ್ಟೆ ಹಸೀತಿದೆ."

ಹಾಕಿದ. ಎಲ್ಲರೂ ಬೇಡ ಎಂದು ಹಾಕಿರಲಿಲ್ಲ. ಆ ಬೆಳಿಗ್ಗೆಯೇ ಒಂದನೇ ನಂಬರಿನವನೂ ನಾಲ್ಕನೆಯವನೂ ಬೇಕು ಎಂದು ಹಾಕಿ ಹೋಗಿದ್ದರು. ಆ ಹಾಳೆಗಳು ನನ್ನ ಮೊಣಕೈಯ ಕೆಳಗೇ ಇದ್ದವು. ನಾನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಚಪಾತಿ ತಿನ್ನಬೇಕೆಂದು ಹೇಳಿದೆ. ಅದೇ ಇನ್ನೂ ನಾಚಿಕೆಗೇಡು.

ಬಾಗಿಲು ಹಾಕಿದ ಒಂದು ವಾರಕ್ಕೆ ತುಳಸಮ್ಮ ಮೇಡಂ ಹತ್ತಿರ ಒಂದು ಬೇಡಿಕೆ ಇಟ್ಟರು. ಇಪ್ಪತ್ತನೇ ದಿನಕ್ಕೆ ಯುಗಾದಿ ಬೀಳುತ್ತದೆ, ಒಳಗಿರುವವರು ಮನೆಮಠ ಬಿಟ್ಟು ಕೂತಿದ್ದಾರೆ, ಒಂದು ಚಿಟಿಕೆ ಬೇವು ಬೆಲ್ಲ ಕಳಿಸಬಹುದೇ ಎಂದು. ಮೇಡಂ ಯೋಚನೆ ಮಾಡಿ ಒಪ್ಪಿದರು. ನಿಜವಾಗಿ ಮೇಲೆ ಹೋದವರೂ ತಮ್ಮ ಹಬ್ಬದ ತಿಂಡಿ ತಿನ್ನುತ್ತಾರಂತೆ, ಮನಸ್ಸಿಗೆ ಅದೂ ಬೇಕಂತೆ. ತಲೆಗೆ ಐದು ಗ್ರಾಂ, ಊಟದ ಲೆಕ್ಕದಲ್ಲಿ ಸೇರಿಸಿ ಎಂದರು. ತುಳಸಮ್ಮನ ಮುಖ ಮೊರದಗಲ ಆಯಿತು. ಅಂದಿನಿಂದ ಷಟಲ್ ಹಾಲಿನ ಹಿಂದಿನ ಬೇವಿನ ಮರವನ್ನು ದಿನಾ ಹೋಗಿ ನೋಡಿ ಬರುತ್ತಿದ್ದರು, ಹೂವು ಎಷ್ಟು ಬಿಟ್ಟಿದೆ ಎಂದು.

ಹದಿನಾರನೇ ದಿನ ಬೆಳಿಗ್ಗೆ ಪುಟ್ಟಯ್ಯನವರು ಆಫೀಸಿಗೆ ಬಂದರು. ಕಾಲಿಗೆ ಚಪ್ಪಲಿ ಇರಲಿಲ್ಲ. ಅವರ ಹೆಂಡತಿ ಅಂಜಿನಮ್ಮ ಹಿಂದಿನ ಸಂಜೆ ಮೆಟ್ಟಿಲ ಮೇಲೆ ಕುಸಿದುಬಿದ್ದರಂತೆ. ಮಿದುಳಿನಲ್ಲಿ ರಕ್ತನಾಳ ಒಡೆದು, ಆಸ್ಪತ್ರೆ ಸೇರುವ ಮುಂಚೆಯೇ ಜೀವ ಹೋಗಿತ್ತು. ಮಗನನ್ನು ಕಳಿಸಿಕೊಡಿ, ಒಬ್ಬನೇ ಮಗ, ಎಂದು ಕೈಮುಗಿದರು. ಮೈತ್ರೇಯಿ ಮೇಡಂ ಅವರನ್ನು ಕೂರಿಸಿ, ನೀರು ಕೊಟ್ಟು, ಫಾರ್ಮು ತರಲು ಹೇಳಿದರು. ನಾನು ಒಂಬತ್ತನೇ ಹಾಳೆ ತೆಗೆದು ಮುಂದಿಟ್ಟೆ. ಪುಟ್ಟಯ್ಯನವರು ಕನ್ನಡಕ ಹಾಕಿಕೊಂಡು ಆ ಟಿಕ್ಕನ್ನು ಬಹಳ ಹೊತ್ತು ನೋಡಿದರು. ಮಗನಿಗೆ ಹೇಳಲೇಬೇಕೆಂದು ನೀವು ಬಯಸಿದರೆ ಆಲೋಚನೆ ಮಾಡೋಣ ಎಂದು ಮೇಡಂ ಅಂದರು. ಪುಟ್ಟಯ್ಯನವರು ನನ್ನ ಕಡೆ ತಿರುಗಿದರು.

"ಅವನೇ ಹಾಕಿದ್ದಾ ಸ್ವಾಮಿ ಇದು?"

"ಹೌದು, ಅವರೇ," ಅಂದೆ.

ಅವನ ಇಷ್ಟ ಅದಾದರೆ ಬಿಡಿ, ಎಂದು ಎದ್ದುಹೋದರು. ಕೊಳ್ಳಿ ಇಟ್ಟಿದ್ದು ಸ್ವರೂಪನ ಚಿಕ್ಕಪ್ಪನ ಮಗ. ಆ ಹೊತ್ತಿನಲ್ಲಿ ಸ್ವರೂಪ್ ಒಳಗೆ ಸೈಕಲ್ ತುಳಿಯುತ್ತಿದ್ದ. ಹೊರಗಿನ ಯಂತ್ರದಲ್ಲಿ ಅವನ ಎದೆಬಡಿತ ನಿಮಿಷಕ್ಕೆ ನೂರಾ ಹದಿನೆಂಟು ಎಂದು ತೋರಿಸುತ್ತಿತ್ತು.

ಈ ವಿಷಯ ತುಳಸಮ್ಮನಿಗೆ ಹೇಳಬೇಕಾಯಿತು, ಒಳಗಿನವರ ಜೊತೆ ದಿನಾ ಮಾತಾಡುವವರು ಅವರೊಬ್ಬರೇ. ಮೂರನೇ ನಂಬರಿನ ತಾಯಿ ತೀರಿಕೊಂಡರು, ನಿಮ್ಮ ದನಿಯಲ್ಲಿ ಏನೂ ಗೊತ್ತಾಗಬಾರದು, ಎಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅರ್ಧ ಗಂಟೆ ಗ್ಯಾಸಿನ ಮುಂದೆ ನಿಂತಿದ್ದರು. ಆಮೇಲೆ ಮೈಕಿಗೆ ಬಂದು, ಒಂದನೇ ನಂಬರು, ಚಿತ್ರಾನ್ನ ನೂರೆಂಬತ್ತು ಗ್ರಾಂ, ಎಂದು ಶುರು ಮಾಡಿದರು. ಮೂರನೇ ನಂಬರಿಗೂ ಅದೇ ದನಿ, ಒಂದು ಕೂದಲೆಳೆ ವ್ಯತ್ಯಾಸ ಇರಲಿಲ್ಲ. ನಾನು ಮನಸ್ಸಿನಲ್ಲೇ ಶಭಾಷ್ ಅಂದೆ. ಹದಿನೇಳು, ಹದಿನೆಂಟು, ಹತ್ತೊಂಬತ್ತು, ಹಾಗೆಯೇ ನಡೆಯಿತು.

ಯುಗಾದಿಯ ದಿನ ಅವರು ಬೆಳಿಗ್ಗೆ ಆರಕ್ಕೇ ಬಂದು ತಲೆಗೆ ಎರೆದುಕೊಂಡ ಒದ್ದೆ ಕೂದಲಲ್ಲೇ ಬೇವಿನ ಹೂವು ಬಿಡಿಸಿದ್ದರು. ಎಂಟೂವರೆಗೆ ನಾನು ಹೋದಾಗ ಗೂಡಿನ ಬಾಗಿಲು ಹಾಕಿ ಮೈಕಿನ ಮುಂದೆ ನಿಂತಿದ್ದರು. ನಾನು ಪಕ್ಕದಲ್ಲಿ ಹಾಜರಿ ಪುಸ್ತಕ ತೆರೆದೆ. ಒಂದನೇ ನಂಬರು, ಬೇವು ಬೆಲ್ಲ ಐದು ಗ್ರಾಂ. ಒಳಗಿನವನು ತಿರುಗಿ ಹೇಳಿದ. ಎರಡನೇ ನಂಬರು, ಐದು ಗ್ರಾಂ. ನಾಲ್ಕನೇ ನಂಬರು, ಐದು ಗ್ರಾಂ.

ಒಳಗಿಂದ ಎರಡನೆಯವನು, ಅಮ್ಮ ಮೂರನೇದು ಬಂದಿಲ್ಲ, ಅಂದ. ತುಳಸಮ್ಮ ತಟ್ಟೆ ನೋಡಿದರು. ಖಾಲಿ. ಬಟ್ಟಲಿನಲ್ಲಿ ಇನ್ನೂ ಬೇವು ಬೆಲ್ಲ ಇತ್ತು, ತೂಕದ ಯಂತ್ರ ಪಕ್ಕದಲ್ಲೇ ಇತ್ತು, ಇನ್ನೊಂದು ಪೊಟ್ಟಣ ಕಟ್ಟಲು ಅರ್ಧ ನಿಮಿಷ ಸಾಕಿತ್ತು. ನಾನು ಕೈಸನ್ನೆ ಮಾಡಿದೆ. ಅವರು ಬಟ್ಟಲಿನ ಕಡೆ ಕೈ ಚಾಚಿ, ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಒಳಗಿನ ಎರಡನೆಯವನು ತನ್ನದರಲ್ಲೇ ಅರ್ಧ ಕೊಡಲು ಹೋದನೆಂದು ಕಾಣುತ್ತದೆ, ತಗೋ ಮಗಾ ಎಂದದ್ದು ಕೇಳಿಸಿತು. ಆಮೇಲೆ ಸ್ವರೂಪನ ದನಿ ಬಂತು.

"ಬೇಡ ಗುರು. ಪರವಾಗಿಲ್ಲ ಅಮ್ಮ, ನನಗೆ ಬೇಡ."

ಏನೋ ಮರೆತರು ಅಂದುಕೊಂಡು ನಾನು ಸಹಿ ಹಾಕಿ ಕಾಫಿಗೆ ಹೋದೆ. ಒಂಬತ್ತಕ್ಕೆ ವಾಪಸ್ಸು ಬಂದರೆ ಮೈತ್ರೇಯಿ ಮೇಡಂ ಒಳಗಿನದನ್ನು ತೋರಿಸುವ ಕ್ಯಾಮೆರಾದ ಪರದೆ ಮುಂದೆ ಎದ್ದು ನಿಂತಿದ್ದಾರೆ. ಒಳಗಿನವರಿಗೆ ನೀರು ಅಳತೆಯದು, ಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು. ಸ್ವರೂಪ್ ತನ್ನ ಇಡೀ ದಿನದ ನೀರನ್ನು, ಕುಡಿಯುವುದೂ ಸೇರಿ, ಒಂದು ಜಗ್ಗಿಗೆ ತುಂಬಿಕೊಂಡು, ಉಟ್ಟ ಬಟ್ಟೆಯಲ್ಲೇ ನಿಂತು ತಲೆಯ ಮೇಲೆ ಸುರಿದುಕೊಂಡಿದ್ದ. ಹೀಗೇಕೆ ಮಾಡಿದರು ಎಂದು ಮೇಡಂ ನನ್ನನ್ನು ಕೇಳಿದರು. ನನಗೆ ನೋಡಿದೊಡನೆ ಅರ್ಥವಾಯಿತು. ಸಾವಿನ ಸುದ್ದಿ ಕೇಳಿದವನು ಮಾಡುವ ಸ್ನಾನ ಅದು.

ಕೋಪದಿಂದಲೇ ಅಡುಗೆಮನೆಗೆ ನುಗ್ಗಿದೆ. ತುಳಸಮ್ಮ ಸ್ಟೂಲಿನ ಮೇಲೆ ಕೂತಿದ್ದರು. ನಿಮಗೆ ಬುದ್ಧಿ ಇದೆಯಾ, ಬಾಯಿ ಬಿಡಬೇಡಿ ಎಂದು ಹೇಳಿರಲಿಲ್ಲವೇ, ಎಂದು ಕೂಗಾಡಿದೆ. ಅವರು ನನ್ನ ಕೂಗಾಟ ಮುಗಿಯುವವರೆಗೂ ಕಾದರು.

"ಬಾಯಿ ಬಿಡಲಿಲ್ಲ ಸಾರ್. ಪೊಟ್ಟಣ ಕಟ್ಟೋವಾಗ ಏನೂ ಯೋಚನೆ ಮಾಡಲಿಲ್ಲ, ಮೂರು ಪೊಟ್ಟಣ ಆದ ಮೇಲೆ ಕೈ ತಾನಾಗೇ ನಿಂತೋಯ್ತು. ಹೆತ್ತತಾಯಿ ಹೋಗಿ ಇನ್ನೂ ಐದು ದಿನ ಆಗಿಲ್ಲ, ಆ ಮಗುವಿನ ಬಾಯಿಗೆ ಹಬ್ಬದ ಬೆಲ್ಲ ಹೇಗೆ ಹಾಕ್ಲಿ ಹೇಳಿ."

ಸೂತಕದ ಮನೆಗೆ ಹಬ್ಬವಿಲ್ಲ, ಅಲ್ಲಿಗೆ ಯಾರೂ ಸಿಹಿ ಕಳಿಸುವುದಿಲ್ಲ. ಈ ಭಾಗದಲ್ಲಿ ಹುಟ್ಟಿ ಬೆಳೆದ ಯಾರ ಕೈಯೂ ಹಾಗೆ ನಿಲ್ಲುತ್ತಿತ್ತು, ನನ್ನದೂ ನಿಲ್ಲುತ್ತಿತ್ತು. ದನಿಯನ್ನು ಕಾಯಬೇಕೆಂದು ನಾವು ಹೇಳಿದ್ದೆವು. ಕೈಯನ್ನು ಕಾಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಇಬ್ಬರೂ ಮೇಡಂ ಮುಂದೆ ಹೋಗಿ ನಿಂತೆವು. ತುಳಸಮ್ಮ ಒಂದೂ ಮುಚ್ಚಿಡದೆ ಹೇಳಿ, ಗೊತ್ತಾದ ಮೇಲೆ ಇನ್ನೇನು, ನಾನೇ ಅವನ ಹತ್ತಿರ ಎರಡು ಮಾತು ಆಡುತ್ತೇನೆ ಎಂದು ಬೇಡಿಕೊಂಡರು. ಮೇಡಂ ಬೈಯಲಿಲ್ಲ. ತುಂಬ ಹೊತ್ತು ಹಣೆ ಉಜ್ಜಿಕೊಂಡರು. ಸ್ವರೂಪ್ ಬಾಗಿಲು ತೆಗೆಯಿರಿ ಎಂದರೆ ಆ ಕ್ಷಣ ತೆಗೆಯೋಣ, ಅವರಾಗಿ ಕೇಳಿದರೆ ಎಲ್ಲ ಹೇಳೋಣ, ಕೇಳದಿದ್ದರೆ ಬೇಡ ಎಂದು ಅವರೇ ಹಾಕಿದ ಟಿಕ್ಕಿಗೆ ಬೆಲೆ ಕೊಡೋಣ ಅಂದರು. ತುಳಸಮ್ಮ ನನ್ನ ಮುಖ ನೋಡಿದರು, ನಾನೂ ಒಂದು ಮಾತು ಸೇರಿಸಲಿ ಎಂದು. ಅವರೇ ಹಾಕಿದ ಟಿಕ್ಕು ಎಂಬ ಮಾತು ನನ್ನ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ನಾನು ನೆಲ ನೋಡಿಕೊಂಡು ನಿಂತೆ.

ಅಲ್ಲಿಂದ ಇಪ್ಪತ್ತೈದು ದಿನ. ಸ್ವರೂಪ್ ಬಾಗಿಲು ತೆಗೆಯಿರಿ ಎನ್ನಲಿಲ್ಲ. ಒಬ್ಬರು ಹೊರಗೆ ಬಂದರೂ ಇಡೀ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು, ಅದು ಅವನಿಗೆ ಗೊತ್ತಿತ್ತು. ಸೈಕಲ್ ತುಳಿದ, ಪ್ರಶ್ನೆಗಳಿಗೆ ಉತ್ತರ ಬರೆದ, ಹೇಳಿದ್ದೆಲ್ಲ ಮಾಡಿದ. ನಿದ್ದೆ ಮಾತ್ರ ಎರಡು ಮೂರು ಗಂಟೆಗೆ ಇಳಿಯಿತು. ತೊಳೆದ ಹಾಗೆ ಬರುತ್ತಿದ್ದ ತಟ್ಟೆ ಅರ್ಧಕ್ಕರ್ಧ ವಾಪಸ್ಸು ಬರತೊಡಗಿತು. ತುಳಸಮ್ಮ ಅದನ್ನು ತೂಗುತ್ತಿದ್ದರು, ಉಳಿದದ್ದು ನೂರಾ ನಲವತ್ತು ಗ್ರಾಂ ಎಂದು ಬರೆಯುತ್ತಿದ್ದರು, ಬರೆದು ಕಣ್ಣೊರೆಸಿಕೊಳ್ಳುತ್ತಿದ್ದರು. ತಾಯಿಯ ದುಃಖ, ಇರದೇ ಇರುತ್ತದೆಯೇ, ಎಂದು ನಾವು ನಾವೇ ಮಾತಾಡಿಕೊಂಡೆವು.

ಮೂವತ್ತೊಂದನೇ ದಿನ ಊಟದ ಲೆಕ್ಕ ಓದಿ ಮುಗಿಸಿದ ಮೇಲೆ ಅವನು ನಿಯಮ ಮೀರಿ ಒಂದು ಮಾತು ಆಡಿದನಂತೆ. ನಾನು ಅಲ್ಲಿರಲಿಲ್ಲ, ತುಳಸಮ್ಮ ಆಮೇಲೆ ಬಂದು ಹೇಳಿದರು. ಅಮ್ಮ, ನಿಮ್ಮನೇಲಿ ಎಲ್ಲರೂ ಚೆನ್ನಾಗಿದ್ದಾರಾ, ಎಂದು ಕೇಳಿದನಂತೆ. ಇವರು ಗಾಬರಿಯಾಗಿ, ಚೆನ್ನಾಗಿದ್ದಾರಪ್ಪ, ಎಂದು ಗುಂಡಿ ಬಿಟ್ಟುಬಿಟ್ಟರಂತೆ. ಇವರ ಮನೆಯಲ್ಲಿ ಇವರನ್ನು ಬಿಟ್ಟರೆ ಯಾರಿದ್ದಾರೆ? ಒಳ್ಳೆ ಹುಡುಗ, ಅಷ್ಟು ದುಃಖದಲ್ಲೂ ನನ್ನ ಯೋಗಕ್ಷೇಮ ಕೇಳಿದ, ಅಂದರು. ನಾನೂ ಹೌದು ಎಂದೆ. ಎಂಥ ಮುಠ್ಠಾಳರಪ್ಪ ನಾವು.

ನಲವತ್ತೈದನೇ ದಿನ ಬಾಗಿಲು ತೆಗೆದರು. ಮನೆಯವರನ್ನು ಕಾಣುವ ಮುಂಚೆ ಸ್ವರೂಪನನ್ನು ಮೇಡಂ ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳುವುದೆಂದು ನಿರ್ಧಾರವಾಗಿತ್ತು. ಆದರೆ ಮುಂಬಾಗಿಲಿಗೆ ಗಾಜು. ಅವನು ಮೂರು ಹೆಜ್ಜೆ ಹಾಕುವಷ್ಟರಲ್ಲಿ ಆಚೆ ಬಿಸಿಲಿನಲ್ಲಿ ನಿಂತಿದ್ದ ಪೂಜಿತಾ ಕಂಡಳು, ದೊಡ್ಡ ಹೊಟ್ಟೆ ಹೊತ್ತುಕೊಂಡು. ಪಕ್ಕದಲ್ಲಿ ಪುಟ್ಟಯ್ಯನವರು. ಸ್ವರೂಪ್ ನಿಂತಲ್ಲೇ ನಿಂತ. ಗಡ್ಡ ಬೆಳೆದು ಕೆನ್ನೆ ಒಳಗೆ ಹೋಗಿದ್ದ ಆ ಮುಖ ಅರಳಿತು. ಎರಡು ಕೈಯನ್ನೂ ಮಂಡಿಯ ಮೇಲೆ ಊರಿ, ಬಗ್ಗಿ, ಗಟ್ಟಿಯಾಗಿ ನಕ್ಕ. ನನಗೆ ದಿಗಿಲಾಯಿತು. ಹಾಗಾದರೆ ಇವನಿಗೆ ಗೊತ್ತೇ ಇಲ್ಲವಲ್ಲ ಶಿವನೇ, ಅಂದುಕೊಂಡೆ.

ಆಮೇಲೆ ಅವನು ತಲೆ ಎತ್ತಿ ಮತ್ತೆ ಗಾಜಿನಾಚೆ ನೋಡಿದ. ಅತ್ತ ಇತ್ತ ಹುಡುಕಿದ. ಅಲ್ಲಿ ಇಬ್ಬರೇ ಇದ್ದರು.

"ಅಮ್ಮನಾ?" ಎಂದು ಮೇಡಂ ಅವರನ್ನು ಕೇಳಿದ.

ಅವರು ಹೂಂ ಎಂದು ತಲೆಯಾಡಿಸಿದರು. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ತುಳಸಮ್ಮ ನನ್ನ ಹಿಂದೆ ನಿಂತಿದ್ದರು. ಅವನ ಮುಖವನ್ನು ಅವರು ನೋಡಿದ್ದು ಅದೇ ಮೊದಲು.

ಹದಿನೈದು ದಿನವಾದ ಮೇಲೆ ತುಳಸಮ್ಮ ನನ್ನನ್ನು ಮಾವಳ್ಳಿಗೆ ಕರೆದುಕೊಂಡು ಹೋಗಿ ಎಂದು ದುಂಬಾಲು ಬಿದ್ದರು. ಅವನ ಕಾಲಿಗಾದರೂ ಬೀಳಬೇಕು, ಅದಿಲ್ಲದೆ ಅನ್ನ ಇಳಿಯುತ್ತಿಲ್ಲ ಎಂದರು. ಗಾಂಧಿ ಬಜಾರಿನಿಂದ ಆಟೋ ಹತ್ತಿದೆವು. ಸೂತಕ ಕಂಡ ಮನೆ, ಹೂವಿಲ್ಲ ಹಣ್ಣಿಲ್ಲ, ಬರಿಗೈಯಲ್ಲಿ ಹೋದೆವು. ಸ್ವರೂಪ್ ಮನೆಯ ಮುಂದಿನ ಜಗಲಿಯಲ್ಲಿ ಕೂತಿದ್ದ, ತಲೆ ಬೋಳಿಸಿಕೊಂಡಿದ್ದ. ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದ. ತುಳಸಮ್ಮನ ದನಿ ಕೇಳಿದೊಡನೆ, ನೀವಾ ಅಮ್ಮ, ಎಂದು ಅವರನ್ನೇ ನೋಡಿದ. ಕೂತುಕೊಳ್ಳುತ್ತಲೇ ನನ್ನನ್ನು ಕೇಳಿದ್ದು ಒಂದೇ: ನನ್ನ ಎದೆಬಡಿತದ ಲೆಕ್ಕ ಉಪಯೋಗಕ್ಕೆ ಬಂತಾ ಸಾರ್? ವರದಿಯನ್ನು ಹಿಂದಿನ ವಾರವಷ್ಟೇ ನಾನೇ ಟೈಪ್ ಮಾಡಿದ್ದೆ. ಮೂರನೇ ವ್ಯಕ್ತಿಗೆ ಇಪ್ಪತ್ತನೇ ದಿನ ಹೊರಗಿನ ಸುದ್ದಿ ತಲುಪಿದ್ದರಿಂದ ಅವರ ಮಾಹಿತಿಯನ್ನು ಕೈಬಿಡಲಾಗಿದೆ ಎಂದು ಒಂದು ಸಾಲು ಅದರಲ್ಲಿತ್ತು. ಬಂತಪ್ಪ, ತುಂಬ ಉಪಯೋಗಕ್ಕೆ ಬಂತು, ಎಂದೆ.

ತುಳಸಮ್ಮ ಬಗ್ಗಿ ಅವನ ಕಾಲು ಮುಟ್ಟಲು ಹೋದರು. ಅವನು ಬೆಚ್ಚಿ ಅವರ ಕೈ ಹಿಡಿದುಕೊಂಡ. ಹೆತ್ತತಾಯಿ ಹೋದದ್ದನ್ನು ಹಾಗೆ ತಿಳಿಸಬಾರದಿತ್ತಪ್ಪ, ನನ್ನ ಕೈಗೆ ಹುಳ ಬೀಳ, ಎಂದು ಇವರು ಅತ್ತರು.

"ಅಮ್ಮ ಹೋದರು ಅಂತ ನನಗೆ ಎಲ್ಲಿ ಗೊತ್ತಿತ್ತಮ್ಮ," ಅಂದ ಸ್ವರೂಪ್.

ನಾವಿಬ್ಬರೂ ಅವನ ಮುಖ ನೋಡಿದೆವು.

ಅವನು ಮೆಲ್ಲಗೆ ಹೇಳಿದ. ಹಿಂದಿನ ವರ್ಷ ಅವನ ದೊಡ್ಡಪ್ಪ ತೀರಿಕೊಂಡಿದ್ದಾಗ ಸಂಕ್ರಾಂತಿಗೆ ಕೇರಿಯವರೆಲ್ಲ ಎಳ್ಳು ಬೀರುತ್ತಾ ಬಂದು ಇವರ ಮನೆಯೊಂದನ್ನು ದಾಟಿಕೊಂಡು ಹೋಗಿದ್ದರು. ಹಾಗಾಗಿ ಮೂರನೇ ನಂಬರು ಬಿಟ್ಟಾಗ ಮನೆಯಲ್ಲಿ ಸಾವಾಗಿದೆ ಎಂದು ಅವನಿಗೆ ತಿಳಿಯಿತು. ಯಾರದು ಎಂದು ತಿಳಿಯಲಿಲ್ಲ. ಅಪ್ಪನ ಎದೆ ಎಂದುಕೊಂಡನಂತೆ ಮೊದಲು. ಆಮೇಲೆ ಪೂಜಿತಾ, ಹೊಟ್ಟೆಯಲ್ಲಿರುವ ಮಗು. ಆಮೇಲೆ ಅಮ್ಮ. ದಿನಕ್ಕೊಬ್ಬರಿಗೆ ಅತ್ತೆ ಸಾರ್, ಎಂದ. ಬಾಗಿಲು ತೆಗೆಯಿರಿ ಅನ್ನಲು ಧೈರ್ಯ ಬರಲಿಲ್ಲವಂತೆ. ಹೊರಗೆ ಬಂದರೆ ಒಬ್ಬರು ಖಂಡಿತ ಇರುವುದಿಲ್ಲ, ಒಳಗಿರುವವರೆಗೆ ಮೂವರೂ ಇದ್ದಾರೆ, ಎಂದು ಲೆಕ್ಕ ಹಾಕಿಕೊಂಡು ಕೂತನಂತೆ. ಒಂದು ದಿನ ತಡೆಯಲಾಗದೆ ತುಳಸಮ್ಮನನ್ನು ಕೇಳಿಯೂ ಕೇಳಿದ, ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು. ನೇರವಾಗಿ ಕೇಳಲು ನಾಲಿಗೆ ಹೊರಳಲಿಲ್ಲವಂತೆ.

ನಮಗೆ ಗೊತ್ತಿತ್ತಲ್ಲ, ಹಾಗಾಗಿ ಅವನಿಗೂ ಗೊತ್ತಿದೆ ಎಂದುಕೊಂಡಿದ್ದೆವು. ಅಷ್ಟು ಓದಿದ ಮೇಡಂ, ಅಷ್ಟು ವಯಸ್ಸಾದ ನಾವು, ಸತ್ತವರು ಯಾರು ಎಂಬುದು ಅವನಿಗೆ ಹೇಗೆ ಗೊತ್ತಾದೀತು ಎಂದು ಒಬ್ಬರೂ ಯೋಚಿಸಿರಲಿಲ್ಲ.

"ಅವತ್ತು ಆಚೆ ಬಂದೆನಲ್ಲ," ಎಂದು ಸ್ವರೂಪ್ ಮುಂದುವರಿಸಿದ. ಒಳಗೆ ಪೂಜಿತಾ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಅವನು ದನಿ ತಗ್ಗಿಸಿದ. "ಗಾಜಿನಲ್ಲಿ ಪೂಜಿತಾ ಕಂಡಳು, ಅಪ್ಪ ಕಂಡರು. ಆಗ ಮನಸ್ಸಿಗೆ ಮೊದಲು ಬಂದ ಮಾತು, ಸದ್ಯ, ಅಂತ. ಸದ್ಯ, ಅಮ್ಮ ತಾನೇ, ಅಂತ ನಕ್ಕುಬಿಟ್ಟೆ. ನೀವೆಲ್ಲ ನೋಡಿದ್ರಿ. ನಮ್ಮಮ್ಮ ಸತ್ತಿದ್ದಕ್ಕೆ ನಾನು ಮಾಡಿದ ಮೊದಲ ಕೆಲಸ ಅದು."

ತುಳಸಮ್ಮ ಅವನ ಬೋಳುತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ನಾನು ಬೀದಿ ನೋಡಿದೆ.

ವಾಪಸ್ಸು ಬರುವಾಗ ತುಳಸಮ್ಮ ಆಟೋ ಬೇಡ ಎಂದರು. ಲಾಲ್‌ಬಾಗಿನ ಗೋಡೆಗುಂಟ ಸುಮಾರು ದೂರ ನಡೆದೆವು. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತ ಮೇಲೆ ತಮ್ಮ ಎರಡು ಅಂಗೈಯನ್ನೂ ಮಡಿಲಲ್ಲಿ ಬಿಚ್ಚಿಟ್ಟುಕೊಂಡು ನೋಡಿದರು.

"ಬಾಯಲ್ಲಿ ಹೇಳಿದ್ದರೆ ಅವನಿಗೆ ಒಬ್ಬರು ಸಾಯ್ತಿದ್ದರು. ಕೈಯಲ್ಲಿ ಹೇಳಿ ಮೂರು ಜನರನ್ನ ಸಾಯಿಸಿದೆ. ಬೇಡ ಅಂತ ಆ ಮಗು ಬರೆದುಕೊಟ್ಟಿತ್ತಲ್ಲ ಸಾರ್, ಅಷ್ಟು ತಿಳಿದು ಬರೆದಿತ್ತು. ನಾನೊಬ್ಬಳು ಕೆಡಿಸಿದೆ. ತಪ್ಪು ನಂದೊಬ್ಬಳದೇ."

ಆಗಲಾದರೂ ಹೇಳಬಹುದಿತ್ತು. ಆ ಮಗು ತಿಳಿದು ಬರೆದದ್ದಲ್ಲ ತುಳಸಮ್ಮ, ಹೊಟ್ಟೆ ಹಸಿದಿದೆ ಎಂದು ನಾನು ಬರೆಸಿದ್ದು, ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ಸುಳ್ಳು ಹೇಳಿ ಬರೆಸಿದ್ದು. ಮಾತು ನಾಲಿಗೆಯ ತುದಿಯವರೆಗೆ ಬಂತು. ಕಾಲು ಗಂಟೆ ಬಸ್ಸು ಬರಲಿಲ್ಲ, ಹೊತ್ತಿಗೇನೂ ಕೊರತೆಯಿರಲಿಲ್ಲ.

"ಹೋಗ್ಲಿ ಬಿಡಿ ತುಳಸಮ್ಮ," ಎಂದೆ. ಅಷ್ಟರಲ್ಲಿ ಅವರ ಬಸ್ಸು ಬಂತು.

ಮಾರನೆಯ ತಿಂಗಳು ಅವರು ಕೆಲಸ ಬಿಟ್ಟರು. ಈಗ ಗವಿಪುರದ ಮನೆಯಲ್ಲಿ ಒಬ್ಬರೇ ಇದ್ದಾರೆ. ಯುಗಾದಿಗೆ ಬೇವು ಬೆಲ್ಲ ಮಾಡುವುದನ್ನು ನಿಲ್ಲಿಸಿದ್ದಾರೆ. ನಾನು ಎರಡು ತಿಂಗಳಿಗೊಮ್ಮೆ ಹೋಗಿ ಮಾತಾಡಿಸಿ ಬರುತ್ತೇನೆ. ಹೋದಾಗಲೆಲ್ಲ ಕಾಫಿ ಕೊಟ್ಟು, ಪಾಪ ನೀವೊಬ್ಬರು ನನ್ನನ್ನ ಕ್ಷಮಿಸಿದ್ರಿ ಸಾರ್, ಅನ್ನುತ್ತಾರೆ. ನಾನು ಕಾಫಿ ಕುಡಿದು ಬರುತ್ತೇನೆ.